ಒಂದು ಮಸೂದೆ ನಡೆದುಬಂದ ದಾರಿ

ಸಂಸತ್ತು ಎಂದರೆ ರಾಷ್ಟ್ರಪತಿ, ರಾಜ್ಯಸಭೆ ಮತ್ತು ಲೋಕಸಭೆ. ಇದನ್ನು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೇವೆ. ಆದರೆ ನಮ್ಮ ತರಗತಿಯಲ್ಲಿ ಕುಳಿತಿರುವ ಪ್ರತಿಯೊಂದು ಮಗುವಿಗೂ ಸಂಬಂಧಿಸಿದ ಒಂದು ಕಾನೂನಿನ ಚರಿತ್ರೆ ತಿಳಿದರೆ, ಶಾಸನ ಹೇಗೆ ರಚನೆಯಾಗುತ್ತದೆ ಎಂಬುದು ಮರೆಯುವುದಿಲ್ಲ.

1911ರ ಮಾರ್ಚ್‌ನಲ್ಲಿ ಗೋಪಾಲಕೃಷ್ಣ ಗೋಖಲೆಯವರು ವೈಸರಾಯರ ಶಾಸನ ಪರಿಷತ್ತಿನಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಮಂಡಿಸಿದರು. 6ರಿಂದ 10 ವರ್ಷದ ಮಕ್ಕಳಿಗೆ, ಮೊದಲಿಗೆ ಗಂಡುಮಕ್ಕಳಿಗೆ, ಶಿಕ್ಷಣವನ್ನು ಕಡ್ಡಾಯಗೊಳಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ಇರಲಿ ಎಂಬುದಷ್ಟೇ ಅವರ ಕೋರಿಕೆ. ಮಜ್ಹರುಲ್ ಹಕ್, ಮೊಹಮ್ಮದ್ ಅಲಿ ಜಿನ್ನಾ ಮುಂತಾದವರು ಬೆಂಬಲಿಸಿದರು. ಆದರೆ ಆ ಪರಿಷತ್ತಿನಲ್ಲಿ ಸರ್ಕಾರಿ ಅಧಿಕಾರಿಗಳದೇ ಬಹುಮತ. 1912ರ ಮಾರ್ಚ್ 19ರಂದು ಮಸೂದೆಯ ಪರವಾಗಿ 13, ವಿರುದ್ಧವಾಗಿ 38 ಮತಗಳು ಬಿದ್ದವು. ಜನರು ಆರಿಸದ ಸಭೆಯಲ್ಲಿ ಜನರ ಮಕ್ಕಳ ಮಾತು ನಡೆಯಲಿಲ್ಲ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೇ ವಿಧಿಯು, 14 ವರ್ಷದವರೆಗಿನ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ನೀಡಲು 10 ವರ್ಷಗಳೊಳಗೆ ಪ್ರಯತ್ನಿಸಬೇಕೆಂದಿತು. ಅದು ನಿರ್ದೇಶಕ ತತ್ವ ಮಾತ್ರ. ನ್ಯಾಯಾಲಯದಲ್ಲಿ ಕೇಳುವ ಹಕ್ಕಲ್ಲ. ಹಕ್ಕಾಗಬೇಕಾದರೆ ಸಂವಿಧಾನಕ್ಕೆ ತಿದ್ದುಪಡಿ ಬೇಕು. ಅದಕ್ಕೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತದ ಜೊತೆಗೆ, ಹಾಜರಿದ್ದು ಮತ ನೀಡಿದವರಲ್ಲಿ ಮೂರನೇ ಎರಡರಷ್ಟು ಮತಗಳು ಬೇಕು. 2002ರ 86ನೇ ತಿದ್ದುಪಡಿಯಿಂದ 21ಎ ವಿಧಿ ಬಂದಿತು. ಅದನ್ನು ಕಾರ್ಯಗತಗೊಳಿಸಲು ಮತ್ತೊಂದು ಕಾಯಿದೆ ಬೇಕಾಯಿತು.

ಆ ಮಸೂದೆಯನ್ನು 2008ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಮಂಡಿಸಲಾಯಿತು. ಇದರಲ್ಲೊಂದು ಸ್ವಾರಸ್ಯವಿದೆ. ಲೋಕಸಭೆ ವಿಸರ್ಜನೆಯಾದರೆ ಅದರ ಮುಂದಿರುವ ಮಸೂದೆಗಳೂ ರದ್ದಾಗುತ್ತವೆ. ರಾಜ್ಯಸಭೆ ವಿಸರ್ಜನೆಯಾಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದರಷ್ಟು ಸದಸ್ಯರು ನಿವೃತ್ತರಾಗುತ್ತಾರೆ, ಅಷ್ಟೇ. ಆದ್ದರಿಂದ 2009ರಲ್ಲಿ ಚುನಾವಣೆ ನಡೆದು ಹೊಸ ಲೋಕಸಭೆ ಬಂದರೂ ಮಸೂದೆ ಉಳಿಯಿತು. ಸಂಸತ್ತಿನ ಸಮಿತಿ ಅದನ್ನು ಪರಿಶೀಲಿಸಿತ್ತು. ಜುಲೈ 20ರಂದು ರಾಜ್ಯಸಭೆ, ಆಗಸ್ಟ್ 4ರಂದು ಲೋಕಸಭೆ ಅಂಗೀಕರಿಸಿದವು. ಆಗಸ್ಟ್ 26ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. 2010ರ ಏಪ್ರಿಲ್ 1ರಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಯಿತು. ಗೋಖಲೆಯವರ ಮಸೂದೆಯಿಂದ ಇಲ್ಲಿಗೆ ಹತ್ತಿರ ಹತ್ತಿರ ನೂರು ವರ್ಷ!

ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠವೇನು? ಸದನದ ರಚನೆ ಹೇಗಿದೆಯೋ ಕಾನೂನೂ ಹಾಗೆ. ಲೋಕಸಭೆಗೆ ನಮ್ಮ ರಾಜ್ಯದಿಂದ 28 ಸದಸ್ಯರನ್ನು ಆರಿಸುವವರು ನಾವೇ. ಅಲ್ಲಿಗೆ ನಮ್ಮ ಕೆಲಸ ಮುಗಿಯುವುದಿಲ್ಲ. ಇದೇ ಕಾಯಿದೆಯ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿ ಅಥವಾ ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ದೆಹಲಿಯಲ್ಲಿ ಆದ ಕಾನೂನು ನಮ್ಮ ಊರಿನ ಶಾಲೆಯಲ್ಲಿ ಜೀವ ಪಡೆಯುವುದು ಆ ಸಭೆಯಲ್ಲಿ. ಅಲ್ಲಿ ನಮ್ಮ ಕುರ್ಚಿ ಖಾಲಿ ಇರದಿರಲಿ.