ಅರಿವು ಮತ್ತು ಅರ್ಬುದ: ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಚರಿತ್ರೆಯಿಂದ ಒಂದು ವಿಚಾರ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಉಪಕರಣಗಳ ಮತ್ತು ಅವುಗಳನ್ನು ಕಂಡುಹಿಡಿದವರ ಚರಿತ್ರೆಯನ್ನೇ ಬರೆದಿರುವರು. ಗರ್ಭಕಂಠದ ಕ್ಯಾನ್ಸರಿನ ವಿಷಯದಲ್ಲಿಯೂ ಹಾಗೆಯೇ ಆಗಿದೆ. ಪಪನಿಕೊಲೌ ಎಂಬ ವಿಜ್ಞಾನಿ ಒಂದು ಪರೀಕ್ಷೆಯನ್ನು ಕಂಡುಹಿಡಿದನು, ಪರೀಕ್ಷೆ ಹಬ್ಬಿತು, ಸಾವು ಕಡಮೆಯಾಯಿತು ಎಂದು ಎರಡು ಮೂರು ವಾಕ್ಯಗಳಲ್ಲಿ ಈ ಕಥೆಯನ್ನು ಮುಗಿಸುವುದು ವಾಡಿಕೆ. ಆದರೆ ಒಂದೇ ಪರೀಕ್ಷೆ ಒಂದು ದೇಶದಲ್ಲಿ ಸಾವನ್ನು ಬಹುವಾಗಿ ತಗ್ಗಿಸಿ, ನೆರೆಯ ದೇಶದಲ್ಲಿ ಹೆಚ್ಚೇನೂ ತಗ್ಗಿಸದೆ ಹೋದುದೇಕೆ ಎಂಬ ಪ್ರಶ್ನೆಗೆ ಇಂಥ ಚರಿತ್ರೆಯಲ್ಲಿ ಉತ್ತರ ದೊರೆಯದು. ರೋಗದ ವಿಚಾರವಾಗಿ ಯಾರಿಗೆ ಏನು ತಿಳಿದಿತ್ತು, ಯಾರಿಗೆ ತಿಳಿದಿರಲಿಲ್ಲ ಎಂದು ಕೇಳಿದರೆ ದೊರೆಯಬಹುದೆಂದು ನಮಗೆ ತೋರುತ್ತದೆ. ‘ಜನರಲ್ಲಿ ಅರಿವಿಲ್ಲ’ ಎಂಬ ಮಾತು ಈ ಸಂದರ್ಭದಲ್ಲಿ ಪದೇ ಪದೇ ಕೇಳಿಬರುವುದು. ಮಾತು ಸುಳ್ಳಲ್ಲ. ಆದರೆ ಅರಿವಿಲ್ಲದಿದ್ದುದು ಜನರಿಗೆ ಮಾತ್ರವೇ ಎಂಬುದನ್ನು ಪರಿಶೀಲಿಸುವುದು ಅವಶ್ಯವಾಗಿದೆ.

ಈ ರೋಗದ ಸ್ವಭಾವವನ್ನು ಮೊದಲು ಹೇಳಬೇಕು. ಗರ್ಭಕಂಠದ ಮೇಲ್ಪದರದ ಕಣಗಳು ಒಮ್ಮೆಗೇ ಕೆಡುವುದಿಲ್ಲ. ವಿಕಾರ ತೋರಿದ ಮೇಲೆ ಅದು ಕ್ಯಾನ್ಸರಾಗಿ ಬೇರೂರಲು ಸಾಮಾನ್ಯವಾಗಿ ಹಲವು ವರ್ಷಗಳೇ ಹಿಡಿಯುತ್ತವೆ. ಆ ಅವಧಿಯಲ್ಲಿ ನೋವಿಲ್ಲ, ಬೇನೆಯಿಲ್ಲ. ಮುಂದೆ ಅಕಾಲದಲ್ಲಿ ರಕ್ತ ಕಾಣಿಸುವುದು, ದುರ್ವಾಸನೆಯ ಬಿಳಿಸೆರಗು ಮೊದಲಾದುವು ತೋರುತ್ತವೆ. ಆದಕಾರಣ ಇಲ್ಲಿ ಅರಿವು ಎಂಬುದು ಎರಡು ಬಗೆಯದು: ಲಕ್ಷಣ ತೋರಿದೊಡನೆ ವೈದ್ಯರಲ್ಲಿಗೆ ಹೋಗಬೇಕೆಂಬ ಅರಿವು ಒಂದು, ಲಕ್ಷಣವೇನೂ ಇಲ್ಲದಿರುವಾಗಲೂ ಪರೀಕ್ಷಿಸಿಕೊಳ್ಳಬೇಕೆಂಬ ಅರಿವು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಬಹಳ ಕಷ್ಟವಾದುದು. ಮೈಯಲ್ಲಿ ಏನೂ ಇಲ್ಲದಾಗ ಮನೆಗೆಲಸ, ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗೆಂದರೆ ಯಾರಾದರೂ ಏಕೆಂದು ಕೇಳುವುದು ಸಹಜ.

ಮೊದಲನೆಯ ಬಗೆಯ ಅರಿವನ್ನು ಹರಡುವ ವ್ಯವಸ್ಥಿತ ಪ್ರಯತ್ನ 20ನೆಯ ಶತಮಾನದ ಆರಂಭದಲ್ಲಿ ಪೂರ್ವ ಪ್ರಷ್ಯದ ಕೋನಿಗ್ಸ್‌ಬರ್ಗ್ ನಗರದಲ್ಲಿ ನಡೆಯಿತು. ಅಲ್ಲಿಯ ಸ್ತ್ರೀರೋಗತಜ್ಞ ಗೇಯೋರ್ಗ್ ವಿಂಟರ್ ತನ್ನಲ್ಲಿಗೆ ಬರುವ ರೋಗಿಗಳಲ್ಲಿ ಬಹುಮಂದಿ ಶಸ್ತ್ರಚಿಕಿತ್ಸೆಯ ಹಂತವನ್ನು ಮೀರಿ ಬರುತ್ತಿರುವುದನ್ನು ಕಂಡು, 1903ರ ಸುಮಾರಿಗೆ ವೈದ್ಯರಿಗೂ ಸೂಲಗಿತ್ತಿಯರಿಗೂ ಸ್ತ್ರೀಯರಿಗೂ ಬೇರೆ ಬೇರೆಯಾಗಿ ತಿಳಿವಳಿಕೆ ನೀಡಲು ತೊಡಗಿದನು. ಸ್ತ್ರೀಯರನ್ನು ಕುರಿತು ಆತನು ಬರೆದುದು ವೃತ್ತಪತ್ರಿಕೆಗಳಲ್ಲಿ ಅಚ್ಚಾಯಿತು. ವಿಳಂಬಕ್ಕೆ ರೋಗಿಯೊಬ್ಬಳೇ ಕಾರಣಳಲ್ಲ, ಪರೀಕ್ಷಿಸದೆಯೇ ಔಷಧ ಕೊಟ್ಟು ಕಳುಹಿಸುವ ವೈದ್ಯನೂ ಕಾರಣ ಎಂಬುದನ್ನು ಗುರುತಿಸಿದುದು ಈ ಪ್ರಯತ್ನದ ವಿಶೇಷ. ಮುಂದಿನ ಅನೇಕ ಪ್ರಚಾರಕರು ಈ ಅಂಶವನ್ನು ಮರೆತರು.

ಅಮೆರಿಕದಲ್ಲಿ 1913ರಲ್ಲಿ ಕ್ಯಾನ್ಸರ್ ನಿಯಂತ್ರಣ ಸಂಘ ಸ್ಥಾಪಿತವಾಯಿತು. ಅದೇ ವರ್ಷ ‘ಲೇಡೀಸ್ ಹೋಮ್ ಜರ್ನಲ್’ ಎಂಬ ಗೃಹಿಣಿಯರ ಮಾಸಪತ್ರಿಕೆಯಲ್ಲಿ ಸ್ಯಾಮ್ಯುಅಲ್ ಹಾಪ್ಕಿನ್ಸ್ ಆಡಮ್ಸ್ ಈ ರೋಗವನ್ನು ಕುರಿತು ಬಿಚ್ಚುಮಾತಿನ ಲೇಖನವನ್ನು ಬರೆದನು. 1936ರಲ್ಲಿ ಇದೇ ಸಂಘ ಸ್ತ್ರೀಯರದೇ ಒಂದು ಪ್ರಚಾರದಳವನ್ನು ಕಟ್ಟಿತು. ಬ್ರಿಟನ್ನಿನಲ್ಲಾದರೋ ಇದಕ್ಕೆ ವಿರುದ್ಧವಾದ ಮನೋಭಾವ ಬಹುಕಾಲ ಉಳಿಯಿತು. ತಿಳಿಸಿದರೆ ಜನ ಹೆದರುವರು, ಆದ್ದರಿಂದ ತಿಳಿಸದಿರುವುದೇ ಲೇಸು ಎಂದು ಅಲ್ಲಿಯ ವೈದ್ಯವರ್ಗದ ಒಂದು ದೊಡ್ಡ ಭಾಗ ನಂಬಿತ್ತು. 1950ರ ದಶಕದಲ್ಲಿ ಮ್ಯಾಂಚೆಸ್ಟರಿನ ರಾಲ್ಸ್‌ಟನ್ ಪ್ಯಾಟರ್ಸನ್ ಮತ್ತು ಜೀನ್ ಏಟ್ಕೆನ್-ಸ್ವಾನ್ ಸ್ತ್ರೀಯರನ್ನೇ ಕೇಳಿ ಅವರ ಅಭಿಪ್ರಾಯಗಳನ್ನು ಸಂಗ್ರಹಿಸಿ, ಐದು ವರ್ಷಗಳ ತಿಳಿವಳಿಕೆಯ ಕಾರ್ಯದ ಅನಂತರ ಮತ್ತೊಮ್ಮೆ ಕೇಳಿ, ಎರಡನ್ನೂ ಹೋಲಿಸಿ ಪ್ರಕಟಿಸಿದರು. ಜನರ ಭಯವನ್ನು ಊಹಿಸುವುದಕ್ಕಿಂತ ಅವರನ್ನು ಕೇಳುವುದು ಮೇಲು ಎಂಬ ಕ್ರಮ ಇಲ್ಲಿಂದ ಈ ಅಧ್ಯಯನಕ್ಕೆ ದೊರೆಯಿತು.

ಎರಡನೆಯ ಬಗೆಯ ಅರಿವಿಗೆ ಅವಕಾಶವಾದುದು ಗ್ರೀಸಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕೆಲಸಮಾಡಿದ ಜಾರ್ಜ್ ಪಪನಿಕೊಲೌವಿನ ಪರೀಕ್ಷೆಯಿಂದ. ಉದುರಿದ ಕಣಗಳಲ್ಲಿಯೇ ಕ್ಯಾನ್ಸರನ್ನು ಗುರುತಿಸಬಹುದೆಂದು ಆತನು 1928ರಲ್ಲಿ ಒಂದು ಸಮ್ಮೇಳನದಲ್ಲಿ ತಿಳಿಸಿದಾಗ ಅದಕ್ಕೆ ಮನ್ನಣೆ ದೊರೆಯಲಿಲ್ಲ. ರುಮಾನಿಯದ ಔರೆಲ್ ಬಾಬೆಷ್ ಅದೇ ಕಾಲದಲ್ಲಿ ಸ್ವತಂತ್ರವಾಗಿ ಇದೇ ಮಾತನ್ನು ಹೇಳಿದ್ದನು. ಅವನದೂ ಬದಿಗೆ ಸರಿಯಿತು. ಸ್ತ್ರೀರೋಗತಜ್ಞ ಹರ್ಬರ್ಟ್ ಟ್ರೌಟ್‌ನೊಡನೆ ಪಪನಿಕೊಲೌ ಬರೆದ ಪ್ರಬಂಧ 1941ರಲ್ಲಿ, ಗ್ರಂಥ 1943ರಲ್ಲಿ ಹೊರಬಂದ ಮೇಲೆ ಮಾತ್ರ ವೈದ್ಯಲೋಕ ಇತ್ತ ತಿರುಗಿತು. ನಡುವಣ 13 ವರ್ಷಗಳಲ್ಲಿ ಅರಿವಿಲ್ಲದಿದ್ದವರು ಹಳ್ಳಿಯ ಹೆಂಗಸರಲ್ಲ, ರೋಗಶಾಸ್ತ್ರದ ಪಂಡಿತರು ಎಂಬುದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ.

ಪರೀಕ್ಷೆ ಬಂದ ಮೇಲೆ ನಡೆದುದು ಇನ್ನೂ ವಿಚಾರಾರ್ಹವಾಗಿದೆ. ಫಿನ್‌ಲೆಂಡಿನಲ್ಲಿ 1963ರಲ್ಲಿ, ಐಸ್‌ಲೆಂಡಿನಲ್ಲಿ 1964ರಲ್ಲಿ ಸಂಘಟಿತ ತಪಾಸಣೆ ಆರಂಭವಾಯಿತು. ಫಿನ್‌ಲೆಂಡಿನಲ್ಲಿ ಜನಗಣತಿಯ ದಾಖಲೆಯಿಂದ ಹೆಸರುಗಳನ್ನು ತೆಗೆದು ಗೊತ್ತಾದ ವಯಸ್ಸಿನ ಪ್ರತಿಯೊಬ್ಬ ಸ್ತ್ರೀಗೂ ಐದು ವರ್ಷಕ್ಕೊಮ್ಮೆ ಕರೆಯೋಲೆ ಕಳುಹಿಸುತ್ತಿದ್ದರು. ಅದೇ ಕಾಲದಲ್ಲಿ ನಾರ್ವೆಯಲ್ಲಿ ಒಂದು ಜಿಲ್ಲೆಯ ಹೊರತು ಇಂಥ ಸಂಘಟಿತ ಏರ್ಪಾಡು ಇರಲಿಲ್ಲ. ಪರೀಕ್ಷೆ ಬಯಸಿ ಬಂದವರಿಗೆ ದೊರೆಯುತ್ತಿತ್ತು. 1965ರಿಂದ 1982ರವರೆಗೆ ಈ ರೋಗದಿಂದಾಗುವ ಸಾವಿನ ಪ್ರಮಾಣ ಐಸ್‌ಲೆಂಡಿನಲ್ಲಿ ಶೇಕಡ 80ರಷ್ಟು, ಫಿನ್‌ಲೆಂಡಿನಲ್ಲಿ ಶೇಕಡ 50ರಷ್ಟು ಇಳಿದರೆ ನಾರ್ವೆಯಲ್ಲಿ ಇಳಿದುದು ಶೇಕಡ 10 ಮಾತ್ರ. ಈ ಮೂರು ದೇಶಗಳ ಸ್ತ್ರೀಯರ ಸಾಕ್ಷರತೆಯಲ್ಲಾಗಲಿ ತಿಳಿವಳಿಕೆಯಲ್ಲಾಗಲಿ ಇಷ್ಟು ಅಂತರವಿತ್ತೆಂದು ಯಾರೂ ಹೇಳಲಾರರು.

ಇಂಗ್ಲೆಂಡಿನ ನಿದರ್ಶನ ಇದಕ್ಕಿಂತ ಸ್ಪಷ್ಟವಾದುದು. ಅಲ್ಲಿ 1960ರ ದಶಕದ ನಡುವಿನಿಂದ ಪರೀಕ್ಷೆ ನಡೆಯುತ್ತಿತ್ತು. ಲಕ್ಷಾಂತರ ಲೇಪನಗಳನ್ನು ಪ್ರಯೋಗಶಾಲೆಗಳು ನೋಡುತ್ತಿದ್ದುವು. ಆದರೆ ಹೆರಿಗೆಗೋ ಸಂತಾನನಿಯಂತ್ರಣದ ಸಲಹೆಗೋ ಬಂದ ಎಳೆಯ ವಯಸ್ಸಿನವರೇ ಮತ್ತೆ ಮತ್ತೆ ಪರೀಕ್ಷೆಗೊಳಗಾಗುತ್ತಿದ್ದರು. ಅಪಾಯ ಹೆಚ್ಚಾಗಿದ್ದ ಹಿರಿಯ ಹಾಗೂ ಬಡ ಸ್ತ್ರೀಯರು ಹೊರಗುಳಿದರು. 1988ರಲ್ಲಿ ಗಣಕಯಂತ್ರದ ಪಟ್ಟಿಯ ಆಧಾರದ ಮೇಲೆ ಎಲ್ಲರನ್ನೂ ಕರೆಯುವ ಕ್ರಮವನ್ನು ಜಾರಿಗೆ ತಂದರು. ಆ ವರ್ಷ ಶೇಕಡ 42ರಷ್ಟಿದ್ದ ವ್ಯಾಪ್ತಿ 1994ರ ಹೊತ್ತಿಗೆ ಶೇಕಡ 85ಕ್ಕೆ ಏರಿತು. ಆರು ವರ್ಷಗಳಲ್ಲಿ ದೇಶದ ಸ್ತ್ರೀಯರ ಅರಿವು ಇಮ್ಮಡಿಸಿತೆಂದು ನಾವು ನಂಬಬೇಕಾಗಿಲ್ಲ. ಇಮ್ಮಡಿಸಿದುದು ಕಚೇರಿಯ ಅರಿವು: ಪರೀಕ್ಷೆಗೆ ಬಾರದವರು ಯಾರು, ಅವರ ಮನೆ ಎಲ್ಲಿ ಎಂಬುದು ಅದಕ್ಕೆ ಮೊದಲ ಬಾರಿಗೆ ಗೊತ್ತಾಯಿತು.

ಇಂಥ ಪಟ್ಟಿ, ಅಂಚೆ, ಪ್ರಯೋಗಶಾಲೆ ಯಾವುದೂ ಸುಲಭವಾಗಿ ಒದಗದ ನಮ್ಮ ದೇಶದಲ್ಲಿ ಈ ಚರಿತ್ರೆ ಬೇರೆ ದಾರಿ ಹಿಡಿಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ, ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಶ್ರಮದಿಂದ ಮದರಾಸಿನ ಅಡಯಾರಿನ ಕ್ಯಾನ್ಸರ್ ಸಂಸ್ಥೆ 1954ರಲ್ಲಿ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆ 1973ರಲ್ಲಿ ಆರಂಭವಾದುವು. ಬೆಂಗಳೂರಿನಲ್ಲಿ 1982ರಿಂದ ರೋಗಿಗಳ ನೋಂದಣಿಯೂ ನಡೆಯುತ್ತಿದೆ. ಇವೆಲ್ಲ ನಗರದ ಮಾತು. ಹಳ್ಳಿಯ ವಿಷಯವಾಗಿ ನಾವು ನೋಡಬೇಕಾದುದು ನಮ್ಮ ಗಡಿಗೆ ತಾಗಿರುವ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯನ್ನು.

ಬಾರ್ಶಿ, ಪರಾಂಡ, ಭೂಮ್ ತಾಲ್ಲೂಕುಗಳನ್ನೊಳಗೊಂಡು 1987ರಲ್ಲಿ ಅಲ್ಲಿ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಅದರ ಉದ್ದೇಶ ರೋಗಿಗಳನ್ನು ಎಣಿಸುವುದಷ್ಟೆ. ಆದರೆ ನಗರದಲ್ಲಿ ಆಸ್ಪತ್ರೆಯ ದಫ್ತರವನ್ನು ನೋಡಿ ಎಣಿಸುವಂತೆ ಹಳ್ಳಿಯಲ್ಲಿ ಎಣಿಸಲಾಗದು. ರೋಗಿ ಆಸ್ಪತ್ರೆಗೇ ಬಂದಿರುವುದಿಲ್ಲ. ಆದ್ದರಿಂದ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ, ಜನರೊಡನೆ ಕುಳಿತು, ಇಂಥ ಇಂಥ ಲಕ್ಷಣವುಳ್ಳವರು ಯಾರಾದರೂ ಇರುವರೇ ಎಂದು ವಿಚಾರಿಸಬೇಕಾಯಿತು. ವಿಚಾರಿಸಬೇಕಾದರೆ ಲಕ್ಷಣಗಳನ್ನು ವಿವರಿಸಬೇಕು. ಬೇಗ ಬಂದರೆ ವಾಸಿಯಾಗುವುದೆಂದು ಹೇಳಬೇಕು. ಒಪ್ಪಿದವರನ್ನು ಬಾರ್ಶಿಯ ಆಸ್ಪತ್ರೆಗೆ ಕಳುಹಿಸಬೇಕು. ಹೀಗೆ ಎಣಿಸಲು ಹೋದವರು ಕಲಿಸುವವರಾದರು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರು ಮೊದಲ ಹಂತಗಳಲ್ಲಿಯೇ ಪತ್ತೆಯಾಗುವ ಪ್ರಮಾಣ ಹೆಚ್ಚಿತೆಂದು ಕಸ್ತೂರಿ ಜಯಂತ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದರು. ಲೇಪನ ಪರೀಕ್ಷೆಯೊಂದೂ ಇಲ್ಲದೆ, ಬರಿಯ ಮಾತಿನಿಂದ ಇಷ್ಟಾಯಿತು. ಆದರೆ ಆ ಮಾತಿನ ಹಿಂದೆ ಊರಿಗೆ ಮತ್ತೆ ಮತ್ತೆ ಬರುವ ಪರಿಚಿತ ಮನುಷ್ಯನೂ, ತಲುಪಬಹುದಾದ ದೂರದಲ್ಲಿ ಒಂದು ಆಸ್ಪತ್ರೆಯೂ ಇದ್ದುವೆಂಬುದನ್ನು ಮರೆಯಲಾಗದು. ಅದೇ ಮಾತು ಗೋಡೆಯ ಮೇಲಿನ ಭಿತ್ತಿಪತ್ರವಾಗಿದ್ದರೆ ಈ ಫಲ ಬರುತ್ತಿತ್ತೆಂದು ನಮಗೆ ತೋರುವುದಿಲ್ಲ. ನಮ್ಮ ಕರಪತ್ರಗಳ ಭಾಷೆಯೂ ಇಲ್ಲಿ ನೆನಪಾಗುತ್ತದೆ. ‘ಅರ್ಬುದ’, ‘ಏಡಿಗಂತಿ’, ‘ಗರ್ಭಕಂಠ’ ಎಂಬ ಪದಗಳು ಓದಿದವರಿಗೆ ಸರಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತೋರಿಸಿಕೊಳ್ಳಿ ಎಂಬ ವಾಕ್ಯ ಎಲ್ಲರಿಗೂ ತಿಳಿಯುವುದು.

ಬರಿಯ ಅರಿವಿನ ಮಿತಿ ಎಷ್ಟೆಂಬುದು ಮುಂಬಯಿಯ ಕೊಳಚೆ ಪ್ರದೇಶಗಳಲ್ಲಿ 1998ರಲ್ಲಿ ತೊಡಗಿದ ಪ್ರಯೋಗದಿಂದ ತಿಳಿದುಬಂದಿತು. ಟಾಟಾ ಆಸ್ಪತ್ರೆಯ ಸುರೇಂದ್ರ ಶಾಸ್ತ್ರಿ ಮತ್ತು ಸಂಗಡಿಗರು ಸುಮಾರು 1,50,000 ಸ್ತ್ರೀಯರನ್ನು ಎರಡು ಗುಂಪುಗಳನ್ನಾಗಿ ಮಾಡಿದರು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ, ನಾಲ್ಕು ಸಲ, ತಿಳಿವಳಿಕೆಯೊಡನೆ ಅಸೆಟಿಕ್ ಆಮ್ಲವನ್ನು ಸವರಿ ಕಣ್ಣಿನಿಂದ ನೋಡುವ ಪರೀಕ್ಷೆ. ಇನ್ನೊಂದಕ್ಕೆ ಆರಂಭದಲ್ಲಿ ಒಮ್ಮೆ ತಿಳಿವಳಿಕೆ ಮಾತ್ರ. ಈ ಆಮ್ಲವನ್ನು ಸವರಿದಾಗ ಕೆಟ್ಟ ಭಾಗ ಬೆಳ್ಳಗಾಗುವುದು. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯೇ ಇದನ್ನು ಮಾಡಬಲ್ಲಳು. ಪರೀಕ್ಷೆಯ ಗುಂಪಿನಲ್ಲಿ ಸಾವು ಶೇಕಡ 31ರಷ್ಟು ಕಡಮೆಯಾಯಿತು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಅಮೆರಿಕದ ವೈದ್ಯ ಎರಿಕ್ ಸೂಬಾ ಇದನ್ನೂ ಇಂಥ ಇತರ ಭಾರತೀಯ ಪ್ರಯೋಗಗಳನ್ನೂ ಆಕ್ಷೇಪಿಸಿದನು: ತಪಾಸಣೆ ಸಾವನ್ನು ತಗ್ಗಿಸುವುದೆಂದು ಮೊದಲೇ ಗೊತ್ತಿದ್ದ ಮೇಲೆ ಎರಡನೆಯ ಗುಂಪಿನವರನ್ನು ಪರೀಕ್ಷಿಸದೆ ಬಿಟ್ಟುದು ನ್ಯಾಯವೇ? ನಮ್ಮ ಪರಿಸ್ಥಿತಿಗೆ ಒಗ್ಗುವ ಅಗ್ಗದ ಪರೀಕ್ಷೆ ನಿಜವಾಗಿ ಪ್ರಾಣ ಉಳಿಸುವುದೇ ಎಂಬುದು ಆಗ ಸಿದ್ಧವಾಗಿರಲಿಲ್ಲ, ದೇಶದಲ್ಲಿ ಸಾಮಾನ್ಯ ಸ್ತ್ರೀಗೆ ದೊರೆಯುತ್ತಿದ್ದುದೂ ಏನೂ ಇಲ್ಲ ಎಂಬುದು ಪ್ರಯೋಗಕರ್ತರ ಪಕ್ಷ. ಈ ಸಮಾಧಾನದಲ್ಲಿ ಹುರುಳಿದೆಯೆಂದು ಒಪ್ಪಿಯೂ ನಮಗೆ ಪೂರ್ಣ ತೃಪ್ತಿಯಾಗುವುದಿಲ್ಲ. ಆ ಎರಡನೆಯ ಗುಂಪಿನ ಸ್ತ್ರೀಯರು ಅರಿವಿಲ್ಲದವರಾಗಿರಲಿಲ್ಲ, ಅವರಿಗೆ ತಿಳಿಸಲಾಗಿತ್ತು. ತಿಳಿದ ಮೇಲೆ ಹೋಗಲು ಹತ್ತಿರದಲ್ಲಿ ಏನಿತ್ತೆಂಬುದೇ ಪ್ರಶ್ನೆ.

2016ರಲ್ಲಿ ಭಾರತ ಸರ್ಕಾರ 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠಗಳ ತಪಾಸಣೆಯ ಮಾರ್ಗಸೂತ್ರವನ್ನು ಹೊರಡಿಸಿತು. ಅನಂತರ ನಡೆದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಎಂದಾದರೂ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಂಡವರು ಶೇಕಡ 1.9 ಮಾತ್ರ ಎಂದು ಕಂಡುಬಂದಿತು. ಈ ಮಾರ್ಗಸೂತ್ರದಂತೆ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ತುಂಬುವ ನಮೂನೆಯಲ್ಲಿ ಮುಟ್ಟು ನಿಂತ ಮೇಲಿನ ರಕ್ತಸ್ರಾವ, ದುರ್ವಾಸನೆಯ ಸ್ರಾವ ಮುಂತಾದ ಪ್ರಶ್ನೆಗಳಿವೆ. ಫಿನ್‌ಲೆಂಡಿನ ದಾಖಲೆ ಮಾಡಿದ ಕೆಲಸವನ್ನೂ ಬಾರ್ಶಿಯ ಕಾರ್ಯಕರ್ತರು ಮಾಡಿದ ಕೆಲಸವನ್ನೂ ಈ ಒಂದು ಹಾಳೆಯೇ ಮಾಡಬೇಕಾಗಿದೆ. ಅದರಲ್ಲಿ ‘ಹೌದು’ ಎಂದು ಗುರುತು ಬಿದ್ದ ಸ್ತ್ರೀಯನ್ನು ಯಾವ ದಿನ, ಯಾವ ಆರೋಗ್ಯ ಕೇಂದ್ರದಲ್ಲಿ, ಯಾರು ನೋಡಿದರು ಎಂಬುದನ್ನು ಜಿಲ್ಲೆಜಿಲ್ಲೆಗೂ ಹಿಂಬಾಲಿಸಿ ಬರೆಯುವ ಕೆಲಸ ನಮ್ಮ ವಿದ್ಯಾರ್ಥಿಗಳ ಕೈಗೆ ನಿಲುಕುವಂಥದೇ ಆಗಿದೆ.