ಅಪ್ಪ ನಗದೇ ಎದ್ದು ಹೋದ ಕಂತು

1989ರಲ್ಲಿ ನಾನಿನ್ನೂ ಬಿ.ಎ. ಓದುತ್ತಿದ್ದೆ. ನಮ್ಮ ಬೀದಿಯಲ್ಲಿದ್ದದ್ದು ಮೂರೇ ಟಿ.ವಿ. ಒಂದು ನಮ್ಮದು, ಕಪ್ಪುಬಿಳುಪಿನದು. ಅಣ್ಣ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದರೆ ಮಾತ್ರ ಮುಖಗಳು ನೆಟ್ಟಗೆ ಕಾಣುತ್ತಿದ್ದವು. ಆ ವರ್ಷವೇ ದೂರದರ್ಶನದಲ್ಲಿ ‘ಫ್ಲಾಪ್ ಶೋ’ ಬಂದದ್ದು. ಹುಟ್ಟುವ ಮೊದಲೇ ಸೋತೆನೆಂದು ಹೆಸರಿಟ್ಟುಕೊಂಡ ಹಾಸ್ಯ!

ಬರೆದು, ನಿರ್ದೇಶಿಸಿ, ನಟಿಸಿದವರು ಜಸ್ಪಾಲ್ ಭಟ್ಟಿ. ಅಮೃತಸರದಲ್ಲಿ 1955ರಲ್ಲಿ ಹುಟ್ಟಿದ ಈ ಸರ್ದಾರ್ಜಿ ಚಂಡೀಗಢದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವರು, ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದವರು. ‘ಉಲ್ಟಾ ಪುಲ್ಟಾ’ ಎಂಬ ಚುಟುಕು ತುಣುಕುಗಳಿಂದ ಅವರ ಮುಖ ನಮಗೆ ಮೊದಲೇ ಪರಿಚಯವಿತ್ತು. ಎಂಥ ಮುಖ ಅದು! ಎದುರಿಗಿದ್ದವರು ಬಿದ್ದು ಬಿದ್ದು ನಕ್ಕರೂ ತಾನು ಸಾಲದ ಪತ್ರಕ್ಕೆ ಸಹಿ ಹಾಕುವವನಂತೆ ಗಂಭೀರ.

ಒಂದು ವಾರ ಅವರು ಸಂಶೋಧನಾ ವಿದ್ಯಾರ್ಥಿಯಿಂದ ಮನೆಗೆಲಸ ಮಾಡಿಸುವ ಪ್ರೊಫೆಸರ್, ಇನ್ನೊಂದು ವಾರ ಇನ್ನೇನೋ. ವೇಷ ಬದಲಾದರೂ ಮನುಷ್ಯ ಅವನೇ. ಪಕ್ಕದಲ್ಲಿ ಹೆಂಡತಿಯೂ ಅವಳೇ. ಹೆಂಡತಿಯಾಗಿ ನಟಿಸಿದ ಸವಿತಾ ಭಟ್ಟಿ ನಿಜಜೀವನದಲ್ಲೂ ಅವರ ಮಡದಿ. ಗಂಡನನ್ನು ಗದರಿಸುವುದಷ್ಟೇ ಆಕೆಯ ಕೆಲಸವೆಂದುಕೊಂಡಿದ್ದೆವು. ಧಾರಾವಾಹಿಯ ನಿರ್ಮಾಪಕಿಯೂ ಆಕೆಯೇ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಹೆಂಗಸರ ಹೆಸರು ಬರುವ ಹೊತ್ತಿಗೆ ನಾವೇ ಅಡುಗೆಮನೆಗೆ ಎದ್ದು ಹೋಗಿರುತ್ತೇವಲ್ಲ!

ಪ್ರತಿ ಕಂತಿನ ಕೊನೆಗೆ ಜನಪ್ರಿಯ ಹಿಂದಿ ಚಿತ್ರಗೀತೆಯೊಂದರ ಅಣಕು ಇರುತ್ತಿತ್ತು. ಅಮ್ಮನಿಗೆ ಹಿಂದಿ ಬಾರದು. ಆದರೆ ರೇಡಿಯೋ ಕೇಳಿ ಕೇಳಿ ಮಟ್ಟುಗಳೆಲ್ಲ ಬಾಯಿಪಾಠ. ಪ್ರೇಮದ ರಾಗಕ್ಕೆ ಲಂಚದ ಮಾತು ಹೊಂದಿಸಿದ್ದಾರೆಂದು ನಾನು ಹೇಳಿದ ಕೂಡಲೇ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅಣಕಿಗೆ ಬೇಕಾದದ್ದು ಭಾಷೆಗಿಂತ ಮೂಲದ ಪರಿಚಯ. ಈಗ ತರಗತಿಯಲ್ಲಿ ಅಣಕವಾಡು ಎಂದರೇನೆಂದು ವಿವರಿಸುವಾಗ ನನಗೆ ಅಮ್ಮನ ನಗುವೇ ನೆನಪಾಗುತ್ತದೆ.

ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವರು ಅವರೇ. ಕಂಟ್ರಾಕ್ಟರರ ಕಥೆ ಬಂದ ವಾರ ಪಕ್ಕದ ಮನೆಯವರನ್ನೂ ಕರೆದು ತೋರಿಸಿದ್ದರು. ಆಮೇಲೆ ಬಂತು ನೋಡಿ, ನೌಕರರು ಸುಳ್ಳು ಔಷಧಿ ಬಿಲ್ಲು ಕೊಟ್ಟು ಸರ್ಕಾರದಿಂದ ದುಡ್ಡು ಪಡೆಯುವ ಕಂತು. ಅಣ್ಣನೂ ನಾನೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ತಿರುಗಿ ನೋಡಿದರೆ ಅಪ್ಪನ ಕುರ್ಚಿ ಖಾಲಿ. ಜಗಲಿಯ ಕತ್ತಲಲ್ಲಿ ಒಬ್ಬರೇ ನಿಂತಿದ್ದರು. ಸೆಕೆ, ಎಂದರು. ಅದು ಸೆಕೆಯ ಕಾಲವಲ್ಲ.

ನನಗೆ ಮದುವೆಯಾದ ಮೇಲೆ, ಬಾಣಂತನಕ್ಕೆ ಬಂದಾಗ, ಅಮ್ಮ ಹೇಳಿದಳು. ಆ ವರ್ಷ ನನ್ನ ಪರೀಕ್ಷೆಯ ಶುಲ್ಕ ಕಟ್ಟಿದ್ದು ಯಾರೂ ಕುಡಿಯದ ಟಾನಿಕ್ಕಿನ ಬಿಲ್ಲಿನ ದುಡ್ಡಿನಲ್ಲಂತೆ. ಕೊಟ್ಟದ್ದು ಅದೊಂದೇ ಸಲ, ಅದಕ್ಕೇ ಆ ಮನುಷ್ಯನಿಗೆ ಅಷ್ಟು ಚುಚ್ಚಿತು, ಎಂದಳು. ದಿನಾ ಕೊಡುವವರು ಕೊನೆಯ ಹಾಡಿನವರೆಗೂ ಕೂತು ನಕ್ಕಿರಬೇಕು.

‘ಫ್ಲಾಪ್ ಶೋ’ ಬಂದದ್ದು ಒಟ್ಟು 10 ಕಂತು, ಅಷ್ಟೇ. ಭಟ್ಟಿಯವರು 2012ರ ಅಕ್ಟೋಬರ್ 25ರಂದು ಪಂಜಾಬಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಪದ್ಮಭೂಷಣ ಬಂತು. ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾನು ತವರಿನಲ್ಲಿದ್ದೆ. ಅಪ್ಪನಿಗೆ ಆಗ ಕಣ್ಣು ಮಂದವಾಗಿತ್ತು, ನಾನೇ ಓದಿ ಹೇಳಿದೆ.

“ಯಾರು, ಆ ಬಿಲ್ಲಿನವನಾ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಇನ್ನೊಂದು ಸಲ ಓದು,” ಎಂದರು.