ಬಾಕು: ಅರ್ಧ ದಿನದಲ್ಲಿ ಒಂದು ತೈಲ ನಗರ

ಕ್ಯಾಸ್ಪಿಯನ್ ಸಮುದ್ರದ ಪಶ್ಚಿಮ ದಡದಲ್ಲಿರುವ ಬಾಕು, ಅಝರ್‌ಬೈಜಾನ್ ದೇಶದ ರಾಜಧಾನಿ. ಸಾಗರಮಟ್ಟಕ್ಕಿಂತ ಸುಮಾರು 28 ಮೀಟರ್ ತಗ್ಗಿನಲ್ಲಿರುವ ಈ ಊರು ಜಗತ್ತಿನ ರಾಜಧಾನಿಗಳಲ್ಲೇ ಅತಿ ಕೆಳಗಿನದು. ದುಬೈಯಿಂದ ಮೂರು ಗಂಟೆಯ ವಿಮಾನ ಪ್ರಯಾಣ ಅಷ್ಟೇ. ಹಾಗಾಗಿ ಗಲ್ಫ್‌ನಲ್ಲಿ ದುಡಿಯುವವರು ಪೆರ್ನಾಲ್ ರಜೆಗೆ ಹೋಗಿ ಬರುವ ಊರುಗಳಲ್ಲಿ ಇದೂ ಒಂದು. ಹೋದವರಲ್ಲಿ ಹೆಚ್ಚಿನವರು ಹೋಟೆಲ್‌ನಲ್ಲಿ ಕೇಳಿ ನಾಲ್ಕೈದು ಗಂಟೆಯ 'ಹಾಫ್ ಡೇ' ಟೂರ್ ಹಿಡಿಯುತ್ತಾರೆ. ಒಂದು ವ್ಯಾನ್, ಒಬ್ಬ ಗೈಡ್, ಏಳೆಂಟು ಜಾಗ, ನೂರಾರು ಫೋಟೋ. ಆದರೆ ಎಣ್ಣೆಯ ಹಣ ಈ ಊರಿನಲ್ಲಿ ಏನೇನು ಮಾಡಿತು ಎಂಬುದು ಕಾಣುವ ಜಾಗಗಳು ಕೆಲವು ಆ ಪಟ್ಟಿಯಲ್ಲಿ ಇರುವುದೇ ಇಲ್ಲ, ವ್ಯಾನ್ ಅವುಗಳ ಪಕ್ಕದಲ್ಲೇ ದಾಟಿ ಹೋಗ್ತದೆ.

ಟೂರ್ ಸಾಮಾನ್ಯವಾಗಿ ಶುರುವಾಗುವುದು ಗುಡ್ಡದ ಮೇಲಿನ ಪಾರ್ಕ್‌ನಿಂದ. ಅಲ್ಲಿಂದ ಇಡೀ ಕೊಲ್ಲಿ, ಬಂದರು, ದಡದುದ್ದಕ್ಕೂ ಹೋಗುವ 'ಬುಲ್ವಾರ್' ಉದ್ಯಾನ ಒಂದೇ ನೋಟಕ್ಕೆ ಸಿಗುತ್ತದೆ. ಬೆನ್ನ ಹಿಂದೆ ಜ್ವಾಲೆಯ ಆಕಾರದ ಮೂರು ಫ್ಲೇಮ್ ಟವರ್‌ಗಳು. 2012ರಲ್ಲಿ ಮುಗಿದ ಇವುಗಳಲ್ಲಿ ಎತ್ತರದ್ದು 182 ಮೀಟರ್. ಹಗಲಲ್ಲಿ ಇವು ಬರೀ ಗಾಜು, ನೋಡಬೇಕಾದದ್ದು ರಾತ್ರಿ ದೀಪ ಹತ್ತಿದ ಮೇಲೆ. ಪಾರ್ಕ್‌ಗೆ ಹೊಂದಿಕೊಂಡೇ ಹುತಾತ್ಮರ ಸ್ಮಶಾನವಿದೆ. 1990ರ ಜನವರಿ 20ರಂದು ಸೋವಿಯತ್ ಸೈನ್ಯ ನಗರಕ್ಕೆ ನುಗ್ಗಿದಾಗ ಸತ್ತವರ ಗೋರಿಗಳು ಅಲ್ಲಿ ಸಾಲಾಗಿವೆ. ಸ್ಥಳೀಯರು ಅಲ್ಲಿ ದನಿ ತಗ್ಗಿಸಿ ನಡೆಯುತ್ತಾರೆ, ಸೆಲ್ಫಿಗೆ ಅದು ಜಾಗವಲ್ಲ.

ಎರಡನೆಯದು ಹಳೇ ಕೋಟೆಯೊಳಗಿನ ಊರು, 'ಇಚೆರಿಶೆಹೆರ್'. 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಒಳಗೆ ಕಾಲ್ನಡಿಗೆಯೇ ಸರಿ, ಕಲ್ಲು ಹಾಸಿದ ಓಣಿಗಳಿಗೆ ಒಳ್ಳೆಯ ಚಪ್ಪಲಿ ಬೇಕು. ಮೇಡನ್ ಟವರ್ ಎಂಬ ದುಂಡು ಗೋಪುರಕ್ಕೆ ಎಂಟು ಅಂತಸ್ತು. ರಾಜಕುಮಾರಿ ಮೇಲಿಂದ ಹಾರಿದಳು ಎಂಬ ಕಥೆಯನ್ನು ಪ್ರತಿ ಗೈಡ್ ಹೇಳುತ್ತಾನೆ. ಅದು ಕಥೆಯೇ, ಗೋಪುರ ಯಾತಕ್ಕೆ ಕಟ್ಟಿದ್ದು ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಮುಲ್ತಾನ್‌ನಿಂದ ಬರುತ್ತಿದ್ದ ವರ್ತಕರು ತಂಗುತ್ತಿದ್ದ ಮುಲ್ತಾನಿ ಕಾರವಾನ್‌ಸರಾಯಿ ಅದರ ಹತ್ತಿರವೇ ಇದೆ.

ಹೆಚ್ಚಿನವರು ತಪ್ಪಿಸಿಕೊಳ್ಳುವುದು ಓಣಿಯೊಳಗಿನ ಸಣ್ಣ ಮುಹಮ್ಮದ್ ಮಸೀದಿಯನ್ನು. ಗೋಡೆಯ ಶಾಸನದಲ್ಲಿ ಹಿಜರಿ 471 ಎಂದಿದೆ, ಅಂದರೆ ಕ್ರಿ.ಶ. 1078-79. ಕಟ್ಟಿದ ಮೇಸ್ತ್ರಿಯ ಹೆಸರೂ ಅದರಲ್ಲಿದೆ: ಅಬೂಬಕರ್‌ರ ಮಗ ಮುಹಮ್ಮದ್. ರಾಜನ ಹೆಸರು ಕೆತ್ತುವುದು ಎಲ್ಲ ಕಡೆ ಇದ್ದದ್ದೇ, ಕೆಲಸಗಾರನ ಹೆಸರು ಸಾವಿರ ವರ್ಷದ ಹತ್ತಿರ ಉಳಿಯುವುದು ಅಪರೂಪ. 1723ರಲ್ಲಿ ರಷ್ಯಾದ ನೌಕೆಗಳು ಗುಂಡು ಹಾರಿಸಿದಾಗ ಈ ಮಸೀದಿಗೂ ಪೆಟ್ಟು ಬಿತ್ತು. ಅಂದಿನಿಂದ ಜನರ ಬಾಯಲ್ಲಿ ಇದಕ್ಕೆ 'ಮುರಿದ ಗೋಪುರ' ಎಂದೇ ಹೆಸರು.

ಕೋಟೆಯ ಹೊರಗೆ, ಗೋಡೆಗೆ ತಾಗಿಕೊಂಡಂತೆ ಇಸ್ತಿಗ್ಲಾಲಿಯತ್ ಬೀದಿ ಹೋಗುತ್ತದೆ. ಗೈಡ್‌ಗೆ ಮೊದಲೇ ಹೇಳಿ ಇಲ್ಲಿ ಹತ್ತು ನಿಮಿಷ ಇಳಿಯಬೇಕು. ಯಾಕೆಂದರೆ ಎಣ್ಣೆಯ ಕಥೆ ಸರಿಯಾಗಿ ಅರ್ಥವಾಗುವುದು ಇಲ್ಲಿ.

ಬಾಕುವಿನಲ್ಲಿ ಎಣ್ಣೆ ಹೊಸದೇನಲ್ಲ. ಕೈಯಲ್ಲಿ ತೋಡಿದ ಬಾವಿಯಿಂದ ಚರ್ಮದ ಚೀಲದಲ್ಲಿ ಎತ್ತಿ, ದೀಪಕ್ಕೂ ಒಂಟೆಯ ತುರಿಗೂ ಬಳಸುತ್ತಿದ್ದರು. 1840ರ ದಶಕದಲ್ಲಿ ಬೀಬಿ ಹೈಬತ್ ಎಂಬಲ್ಲಿ ಯಂತ್ರದಿಂದ ಕೊರೆದ ಬಾವಿ ಬಂತು, ಅಮೆರಿಕದಲ್ಲಿ ಡ್ರೇಕ್ ಬಾವಿ ಕೊರೆಯುವುದಕ್ಕಿಂತ ಹತ್ತು ವರ್ಷಕ್ಕೂ ಮೊದಲು. 1879ರಲ್ಲಿ ನೊಬೆಲ್ ಸಹೋದರರು ಇಲ್ಲಿ ಕಂಪೆನಿ ಕಟ್ಟಿದರು. 20ನೇ ಶತಮಾನ ಶುರುವಾಗುವ ಹೊತ್ತಿಗೆ ಜಗತ್ತಿನ ಸುಮಾರು ಅರ್ಧದಷ್ಟು ಎಣ್ಣೆ ಈ ಒಂದೇ ಊರಿನ ಸುತ್ತಮುತ್ತಲಿಂದ ಬರುತ್ತಿತ್ತು.

ಆ ದುಡ್ಡು ಹರಿದು ಬಂದಾಗ ಶ್ರೀಮಂತರಾದ ಸ್ಥಳೀಯರಲ್ಲಿ ಹಾಜಿ ಝೈನುಲ್ ಆಬಿದೀನ್ ತಗಿಯೇವ್ ದೊಡ್ಡ ಹೆಸರು. ಚಪ್ಪಲಿ ಹೊಲಿಯುವವರ ಮಗ. ಚಿಕ್ಕಂದಿನಲ್ಲೇ ಗಾರೆ ಕೆಲಸಕ್ಕೆ ಹೋದವರು, ಶಾಲೆ ಕಂಡವರಲ್ಲ. ಬೀಬಿ ಹೈಬತ್‌ನಲ್ಲಿ ಪಾಲುದಾರರ ಜೊತೆ ಜಾಗ ಹಿಡಿದು ಕೊರೆದರೆ ಎಣ್ಣೆ ಸಿಗಲಿಲ್ಲ. ಪಾಲುದಾರರು ಬೇಸತ್ತು ಪಾಲು ಮಾರಿ ಹೋದರು, ಇವರು ಬಿಡಲಿಲ್ಲ, ಆಮೇಲೆ ಎಣ್ಣೆ ಚಿಮ್ಮಿತು ಎಂದು ಬಾಕುವಿನಲ್ಲಿ ಹೇಳುತ್ತಾರೆ. ಅವರ ಅರಮನೆಯಂಥ ಮನೆ ಈಗ ರಾಷ್ಟ್ರೀಯ ಇತಿಹಾಸ ಮ್ಯೂಸಿಯಂ.

ಇಸ್ತಿಗ್ಲಾಲಿಯತ್ ಬೀದಿಯಲ್ಲಿರುವುದು ಅವರ ಮನೆಯಲ್ಲ, ಅವರು ಕಟ್ಟಿಸಿದ ಶಾಲೆ. 1901ರಲ್ಲಿ ತೆರೆದ ಇದು ರಷ್ಯಾ ಸಾಮ್ರಾಜ್ಯದಲ್ಲಿ ಮುಸ್ಲಿಂ ಹೆಣ್ಣುಮಕ್ಕಳಿಗಾಗಿ ಬಂದ ಮೊದಲ ಆಧುನಿಕ ಶಾಲೆ. ಸರಕಾರದ ಅನುಮತಿ ಸುಲಭವಾಗಿ ಸಿಗಲಿಲ್ಲ, ಕೊನೆಗೆ ಶಾಲೆಗೆ ಝಾರ್ ಚಕ್ರವರ್ತಿಯ ಪತ್ನಿಯ ಹೆಸರಿಟ್ಟರು. ಊರಿನ ಕೆಲವು ಧರ್ಮಪಂಡಿತರ ವಿರೋಧ ಬೇರೆ. ತಗಿಯೇವ್ ಒಬ್ಬ ಮುಲ್ಲಾರನ್ನು ಮಕ್ಕಾ ಮೊದಲಾದ ಕಡೆ ಕಳಿಸಿ, ಹೆಣ್ಣುಮಕ್ಕಳ ಓದು ದೀನ್‌ಗೆ ವಿರುದ್ಧವಲ್ಲ ಎಂದು ದೊಡ್ಡ ಆಲಿಮರಿಂದ ಬರೆಸಿ ತರಿಸಿದರು ಎಂಬ ಮಾತು ಇಂದಿಗೂ ಅಲ್ಲಿ ಪ್ರಸಿದ್ಧ. ತಾನು ಓದದ ಹಾಜಿಯೊಬ್ಬರು ಊರಿನ ಹುಡುಗಿಯರು ಓದಲಿ ಎಂದು ಹಟ ಹಿಡಿದ ಆ ಕಟ್ಟಡದಲ್ಲಿ ಈಗ ಹಸ್ತಪ್ರತಿಗಳ ಸಂಸ್ಥೆ ಇದೆ. ಕಾಕಸಸ್ ತಪ್ಪಲಿನ ಶೊಲ್ಲರ್ ಬುಗ್ಗೆಯ ಕುಡಿಯುವ ನೀರು 1917ರಲ್ಲಿ ಬಾಕುವಿಗೆ ಬರಲು ಒತ್ತಾಸೆಯಾಗಿ ನಿಂತವರಲ್ಲೂ ಅವರಿದ್ದರು.

ಅದೇ ಬೀದಿಯಲ್ಲಿ ಇಸ್ಮಾಯಿಲಿಯಾ ಎಂಬ ಕಟ್ಟಡವಿದೆ, ವೆನಿಸ್ ಶೈಲಿಯದು. ಮೂಸಾ ನಗಿಯೇವ್ ಎಂಬ ಇನ್ನೊಬ್ಬ ತೈಲ ಶ್ರೀಮಂತ ಕ್ಷಯದಿಂದ ತೀರಿಹೋದ ಮಗ ಇಸ್ಮಾಯಿಲ್ ನೆನಪಿಗೆ 1908ರಿಂದ 1913ರ ನಡುವೆ ಕಟ್ಟಿಸಿ ಮುಸ್ಲಿಂ ದತ್ತಿ ಸಂಘಕ್ಕೆ ಬಿಟ್ಟುಕೊಟ್ಟದ್ದು. ಐದೇ ವರ್ಷದಲ್ಲಿ, 1918ರ ಮಾರ್ಚ್ ಗಲಭೆಯಲ್ಲಿ ಅದಕ್ಕೆ ಬೆಂಕಿ ಬಿತ್ತು, ಮತ್ತೆ ರಿಪೇರಿಯಾಯಿತು. 1920ರ ಏಪ್ರಿಲ್‌ನಲ್ಲಿ ಕೆಂಪುಸೇನೆ ಬಂದ ಮೇಲೆ ತೈಲ ಶ್ರೀಮಂತರ ಆಸ್ತಿಯೆಲ್ಲ ಸರಕಾರದ್ದಾಯಿತು. ತಗಿಯೇವ್‌ಗೆ ಉಳಿದದ್ದು ಮರ್ದಕಾನ್‌ನ ಒಂದು ತೋಟದ ಮನೆ, 1924ರಲ್ಲಿ ಅಲ್ಲೇ ತೀರಿಕೊಂಡರು.

ಸಮಯ ಉಳಿದರೆ ವ್ಯಾನ್ ದಕ್ಷಿಣಕ್ಕೆ, ಕರಾವಳಿ ರಸ್ತೆಯಲ್ಲಿ ಬೀಬಿ ಹೈಬತ್‌ಗೆ ಹೋಗುತ್ತದೆ. ಹಲವು ಟೂರ್‌ಗಳಲ್ಲಿ ಇದು ಇರುವುದಿಲ್ಲ, ಬುಕ್ ಮಾಡುವಾಗಲೇ ಕೇಳಬೇಕು. ರಸ್ತೆಯ ಪಕ್ಕದಲ್ಲಿ ತಲೆ ಆಡಿಸುವ ಪಂಪುಗಳು ಕಾಣುತ್ತವೆ. ಸಮುದ್ರದಡಿಯ ಎಣ್ಣೆಗಾಗಿ ಇಲ್ಲಿ ಕೊಲ್ಲಿಗೇ ಮಣ್ಣು ತುಂಬಿಸಿದರು. ಆ ಕೆಲಸದ ಎಂಜಿನಿಯರ್ ಪೋಲೆಂಡ್ ಮೂಲದ ಪಾವೆಲ್ ಪೊಟೊಟ್ಸ್ಕಿ ಕಣ್ಣು ಹೋದ ಮೇಲೂ ಕೆಲಸ ಬಿಡಲಿಲ್ಲ, ಅವರ ಸಮಾಧಿಯೂ ಅಲ್ಲೇ ಇದೆ. ಗೈಡ್‌ಗಳು ಮಾತ್ರ 1999ರ ಜೇಮ್ಸ್ ಬಾಂಡ್ ಸಿನಿಮಾ ಇಲ್ಲಿ ತೆಗೆದದ್ದನ್ನೇ ಮೊದಲು ಹೇಳ್ತಾರೆ.

ಇಲ್ಲಿನ ಬೀಬಿ ಹೈಬತ್ ಮಸೀದಿ ಮೂಲತಃ 13ನೇ ಶತಮಾನದ್ದು. ಏಳನೇ ಶಿಯಾ ಇಮಾಮ್ ಮೂಸಾ ಅಲ್ ಕಾಝಿಮ್‌ರ ಮಗಳು ಉಕೈಮಾ ಅವರ ಖಬರ್ ಇರುವ ದರ್ಗಾ ಎಂದು ಜನ ನಡೆದುಕೊಳ್ಳುತ್ತಾರೆ. 1936ರಲ್ಲಿ ಸೋವಿಯತ್ ಆಡಳಿತ ಇದನ್ನು ಸ್ಫೋಟಿಸಿ ಕೆಡವಿತು. ಈಗ ಕಾಣುವುದು ಸ್ವಾತಂತ್ರ್ಯದ ನಂತರ 1990ರ ದಶಕದಲ್ಲಿ ಹಳೆಯ ರೂಪದಲ್ಲೇ ಮತ್ತೆ ಕಟ್ಟಿದ್ದು. ಹೆಂಗಸರಿಗೆ ತಲೆವಸ್ತ್ರ ಬೇಕು, ಗಂಡಸರು ಚಡ್ಡಿಯಲ್ಲಿ ಹೋಗಬಾರದು. ಮಧ್ಯಾಹ್ನದ ಟೂರ್ ಆದರೆ ಅಸರ್ ನಮಾಝ್ ಇಲ್ಲೇ ಮುಗಿಸಬಹುದು. ಬಾಕು ಗಾಳಿಯ ಊರು. ಉತ್ತರದಿಂದ ಬೀಸುವ 'ಖಝ್ರಿ'ಗೆ ಬೇಸಿಗೆಯಲ್ಲೂ ಒಂದು ಜಾಕೆಟ್ ಕೈಯಲ್ಲಿದ್ದರೆ ಒಳ್ಳೆಯದು.

ಸುರಾಖಾನಿಯ ಆತಿಶ್‌ಗಾಹ್ ಅರ್ಧ ದಿನದಲ್ಲಿ ಆಗುವುದಿಲ್ಲ, ಅದಕ್ಕೆ ಬೇರೆಯೇ ಟೂರ್. ಭಾರತದ ವರ್ತಕರು, ಸಾಧುಗಳು ಬಂದು ಪೂಜಿಸುತ್ತಿದ್ದ ಅಗ್ನಿ ಮಂದಿರ ಅದು. ದೇವನಾಗರಿ, ಗುರುಮುಖಿ ಶಾಸನಗಳು ಗೋಡೆಯಲ್ಲಿವೆ. ನೆಲದಡಿಯ ಗ್ಯಾಸ್‌ನಿಂದ ತಾನಾಗಿ ಉರಿಯುತ್ತಿದ್ದ ಬೆಂಕಿ, ಸುತ್ತಲೂ ಎಣ್ಣೆ, ಗ್ಯಾಸ್ ತೆಗೆದೂ ತೆಗೆದೂ 1969ರಲ್ಲಿ ಆರಿಹೋಯಿತು. ಈಗ ಅಲ್ಲಿ ಉರಿಯುವುದು ಪೈಪಿನಲ್ಲಿ ಬರುವ ಗ್ಯಾಸ್.